ಹಾವಸೆಯ ಲೆಕ್ಕ

ಮೂವತ್ತೊಂದು ವರ್ಷ ನಾನು ಪಾಚಿಯ ಶತ್ರು.
ತುಂಗೆಯ ದಡದ ನೀರಿನ ಕೇಂದ್ರದಲ್ಲಿ
ಆಪರೇಟರ್, ಎರಡನೇ ಪಾಳಿ.
ಬೇಸಿಗೆ ಬಂತೆಂದರೆ ತೊಟ್ಟಿಯ ಗೋಡೆಗೆ
ಬೆಕ್ಕಿನ ನಾಲಿಗೆಯಷ್ಟು ತೆಳುವಾಗಿ ಅಂಟುತ್ತಿತ್ತು,
ನಾಲ್ಕು ದಿನ ಬಿಟ್ಟರೆ ಕಂಬಳಿ.
ಆಲಂ ಸುರಿದೆವು, ಕ್ಲೋರಿನ್ ಬಿಟ್ಟೆವು,
ತೆಂಗಿನ ಗುಂಜು ಹಿಡಿದು ಉಜ್ಜಿದೆವು.
ಖಾಜಿಂ ಸಾಬರು ಏಣಿಯ ಮೇಲಿಂದ ಕೂಗುತ್ತಿದ್ದರು:
"ಒಂದು ಎಳೆ ಬಿಟ್ಟರೂ ಊರೇ ಕುಡಿಯುತ್ತೆ ಕಣೋ!"

ಊರು ಕುಡಿಯಲಿಲ್ಲ. ಅಷ್ಟೇ ನನ್ನ ಸರ್ವೀಸು.

ಈಗ ಗೋಪಾಳದ ಮನೆಯ ತಾರಸಿಯಲ್ಲಿ
ನೀಲಿ ಟಾರ್ಪಾಲಿನ ತೊಟ್ಟಿ, ಎಂಟಡಿ ನಾಲ್ಕಡಿ,
ಮೊಣಕಾಲು ಮುಟ್ಟದ ನೀರು.
ಅಡುಗೆ ಸೋಡ, ಚೂರು ಉಪ್ಪು,
ಹೆಸರು ನಾಲಿಗೆಗೆ ಹೊರಳದ ಎರಡು ಪೊಟ್ಟಣ ಪುಡಿ.
ಅದರೊಳಗೆ ಕೈಯಾರೆ ಬಿಟ್ಟು ಸಾಕಿದ್ದೇನೆ ಶತ್ರುವನ್ನು.
ಸ್ಪಿರುಲಿನಾ ಅನ್ನುತ್ತಾರೆ.
ಅಂಬುಜ ಅನ್ನುವುದು, ಹಾವಸೆ.

"ಬಚ್ಚಲ ಕಲ್ಲಿನ ಮೇಲೆ ಬೆಳೆದರೆ ಬ್ಲೀಚಿಂಗು,
ತಾರಸಿ ಮೇಲೆ ಬೆಳೆದರೆ ಟಾನಿಕ್ಕೋ?
ನಮ್ಮವ್ವ ಸೊಂಟ ಮುರ್ಕೊಂಡಿದ್ದು ಇದರಿಂದಲೇ."
ಅದರ ಜಾತಿ ಬೇರೆ ಕಣೇ, ಅಂದೆ.
"ಜಾತಿ ಬೇರೆ ಇರಬಹುದು, ಜಾರು ಒಂದೇ."

ತಂಗಿಯ ಮಗಳು ಇಂದುಕಲಾ ನಮ್ಮಲ್ಲೇ ಇದ್ದಾಳೆ,
ಮಾಚೇನಹಳ್ಳಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ,
ಗಂಟೆಗೆ ಎಷ್ಟು ಅಂತ ಬೋರ್ಡಿನ ಮೇಲೆ ಬರೆದಿರುತ್ತಾರೆ.
ಯುಗಾದಿಯ ಮರುವಾರ ಮೆಷಿನ್ನಿನ ಮೇಲೆಯೇ ತಲೆಯಿಟ್ಟಳಂತೆ.
ರಿಪೋರ್ಟಿನಲ್ಲಿ ಎಂಟು ಪಾಯಿಂಟ್ ಒಂದು.
ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣ ಬಳಿದ ಗೋಡೆ.
ನೀರಿನಲ್ಲಿ ಕಬ್ಬಿಣ ಇಷ್ಟಕ್ಕಿಂತ ಮೀರಬಾರದೆಂದು
ದಿನಾ ಅಳೆದು ಸಹಿ ಹಾಕಿದವನು ನಾನು.
ನನ್ನ ಮನೆಯ ಹುಡುಗಿಯ ನೆತ್ತರಲ್ಲೇ ಕಬ್ಬಿಣವಿಲ್ಲ.

ಹಾಗೆ ಶುರುವಾಯಿತು.
ಹಳೇ ಪಂಚೆಯಲ್ಲಿ ಸೋಸಿ, ಹಿಂಡಿ,
ಶ್ಯಾವಿಗೆ ಒರಳಿನಲ್ಲಿ ಒತ್ತಿ
(ಅಂಬುಜ ಆ ಒರಳನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ)
ಬಿಸಿಲಿಗೆ ಹರವಿದರೆ ಸಂಜೆಗೆ ಗರಿಗರಿ, ಕಡುಹಸಿರು.
ವಾಸನೆ, ಮೀನಿನಂಗಡಿ ತೊಳೆದ ಮೇಲಿನದು.
ಮಜ್ಜಿಗೆಗೆ ಒಂದು ಚಮಚ, ಶುಂಠಿ, ಒಗ್ಗರಣೆ.
ಮೂಗು ಹಿಡಿದು ಕುಡಿದು ಇಂದುಕಲಾ ನಕ್ಕಾಗ
ಹಲ್ಲೆಲ್ಲ ಹಸಿರು.

ಪ್ರೋಟೀನು ನೂರಕ್ಕೆ ಅರವತ್ತು, ಎಂದಿತ್ತು
ಬೀಜದ ಬಾಟಲಿಯ ಜೊತೆ ಬಂದ ಕರಪತ್ರದಲ್ಲಿ.
ನಿಜವೇ. ಆದರೆ ನೂರು ಗ್ರಾಂ ಯಾರು ತಿಂದಾರು?
ಚಮಚಕ್ಕೆ ಐದು ಗ್ರಾಂ, ಅದರಲ್ಲಿ ಮೂರು.
ಒಂದು ಮೊಟ್ಟೆಯಲ್ಲೇ ಆರು.
ಕಬ್ಬಿಣ ಒಂದೂವರೆ ಮಿಲಿಗ್ರಾಂ ಸಿಕ್ಕರೆ ಪುಣ್ಯ,
ಹುಡುಗಿಗೆ ದಿನಕ್ಕೆ ಬೇಕಾದ್ದು ಇಪ್ಪತ್ತೊಂಬತ್ತು.
ಬಿ ಹನ್ನೆರಡು? "ಅದು ವೇಷ ಅಂಕಲ್,
ಮೈಗೆ ಹತ್ತೋದು ಕಡಿಮೆ" ಅಂದಳು ಲ್ಯಾಬಿನವಳು.
ಲಾಗ್ ಬುಕ್ಕಿನಲ್ಲಿ ಬರೆದಂತೆ ಎಲ್ಲ ಬರೆದಿಟ್ಟೆ.
ಬರೆದ ಮೇಲೂ ತೊಟ್ಟಿ ಕಲಕುವುದನ್ನು ಬಿಡಲಿಲ್ಲ.

ಮೂರು ತಿಂಗಳಿಗೆ ಹತ್ತು ಪಾಯಿಂಟ್ ನಾಲ್ಕು.
ಡಾಕ್ಟರು ಅಂದರು, ಕೆಂಪು ಮಾತ್ರೆ.
ಅಂಬುಜ ಅಂದಳು, ನುಗ್ಗೆಸೊಪ್ಪಿನ ಪಲ್ಯ.
ನಾನು ಏನೂ ಅನ್ನದೆ ತಾರಸಿಯ ಕಡೆ ನೋಡಿದೆ.
ಇಂದುಕಲಾ ಬುತ್ತಿ ತೊಳೆಯುತ್ತ ಹೇಳಿದಳು:
"ಜೂನಿಂದ ಊಟಕ್ಕೆ ಪೂರಾ ಅರ್ಧ ಗಂಟೆ ಬಿಡ್ತಾರೆ ಮಾವ,
ನಾವೆಲ್ಲ ಮೆಷಿನ್ ನಿಲ್ಲಿಸಿ ಕೂತ ಮೇಲೆ.
ಮೊದಲು ಬುತ್ತಿ ಹಾಗೇ ವಾಪಸ್ ತರ್ತಿದ್ದೆ,
ಕೆಳಗಿನ ನಾಯಿಗೆ ಹಾಕಿ ಮೇಲೆ ಬರ್ತಿದ್ದೆ."

ಆ ನಾಯಿ ಈಗ ಸೊರಗಿದೆ, ನಿಜ.

ನಿನ್ನೆ ಖಾಜಿಂ ಸಾಬರು ಬಂದಿದ್ದರು, ಕೋಲೂರಿ,
ಹದಿನೆಂಟು ಮೆಟ್ಟಿಲು, ಎರಡು ಕಡೆ ನಿಂತು.
ತೊಟ್ಟಿಯ ಮುಂದೆ ತುಂಬ ಹೊತ್ತು ಬಗ್ಗಿದ್ದರು.
ಕೈ ಅದ್ದಿದರು, ಎತ್ತಿದರು,
ಉಗುರಿನ ಸಂದಿಯ ಹಸಿರನ್ನು ಬಿಸಿಲಿಗೆ ಹಿಡಿದು
ಅಂದರು, "ಬುರುಶ್ ಎಲ್ಲಿಟ್ಟಿದ್ದೀಯೋ?"